ಕಳುಹಿಸುವ ಮುನ್ನ ಒಂದು ಪ್ರಶ್ನೆ

ರಾಯಚೂರು, ದೇವದುರ್ಗ, ಮಾನವಿಗಳ ನಮ್ಮ ಹೆಣ್ಣುಮಕ್ಕಳ ಕೈಗೆ ಮೊಬೈಲು ಬಂದಿರುವುದು. ಭಾವಚಿತ್ರವೊಂದನ್ನು ಫೇಸ್‌ಬುಕ್ಕಿಗೆ ಹಾಕಲು ಕ್ಷಣ ಸಾಕು; ಲೋಕದ ಕಣ್ಣಿನಿಂದ ಅದನ್ನು ಹಿಂತೆಗೆಯಲು ಜನ್ಮವೆಲ್ಲ ಸಾಲದು. ಮಕ್ಕಳಿಗೆ ಬುದ್ಧಿ ಹೇಳಬೇಕೆಂದು ಹಿರಿಯರು ನುಡಿಯುವರು. ಅದು ಯುಕ್ತವೇ. ಆದರೆ ದೋಷವೆಲ್ಲ ಮಕ್ಕಳದಲ್ಲ. ಆ ಪುಟದ ರಚನೆಯದೂ ಉಂಟೆಂದು ನಮ್ಮ ಅಭಿಪ್ರಾಯ.

ರಚನೆಯನ್ನು ತಿದ್ದಬಹುದೆಂಬುದಕ್ಕೆ ನಿದರ್ಶನಗಳುಂಟು. ಫೇಸ್‌ಬುಕ್ಕಿನಲ್ಲಿ ಹೊಸಬರ ಪ್ರಥಮ ಬರಹವು, ಅವರು ಬೇರೆ ಆರಿಸದಿದ್ದರೆ, ಸರ್ವರಿಗೂ ಕಾಣುತ್ತಿದ್ದಿತು. 2014ರಲ್ಲಿ ಅದು ಸ್ನೇಹಿತರಿಗೆ ಮಾತ್ರ ಕಾಣುವಂತಾಯಿತು. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ವಾಟ್ಸಾಪಿನಲ್ಲಿ ಹರಡಿದ ಮಕ್ಕಳ ಕಳ್ಳರ ವದಂತಿಯಿಂದ ನಿರಪರಾಧಿಯೊಬ್ಬನು ಜನರ ಹೊಡೆತಕ್ಕೆ ಬಲಿಯಾದನು. ಅದೇ ತಿಂಗಳು ಆ ಸಂಸ್ಥೆಯು, ಭಾರತದಲ್ಲಿ ಬಂದ ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ದಾಟಿಸುವ ಮಿತಿಯನ್ನು ಪ್ರಕಟಿಸಿತು. ಜೀವ ಹೋದ ಮೇಲೆ ಬಂದ ತಿದ್ದುಪಡಿಯದು.

ಆದುದರಿಂದ ಚಿತ್ರವು ಹೊರಡುವ ಮುನ್ನವೇ ಆ ಪುಟವು ತಿಳಿಗನ್ನಡದಲ್ಲಿ, “ಇದನ್ನು ಯಾರು ಯಾರು ನೋಡುವರು? ಇದರಲ್ಲಿರುವವರ ಒಪ್ಪಿಗೆಯುಂಟೆ?” ಎಂದು ಕೇಳತಕ್ಕದ್ದು, ಅನಂತರವೂ ಕೆಲವು ನಿಮಿಷ ತಡೆದು ಲೋಕಕ್ಕೆ ತೋರಿಸತಕ್ಕದ್ದು. ವೇಗವು ಕುಗ್ಗುವುದೆಂಬ ಆಕ್ಷೇಪವುಂಟು. ಕುಗ್ಗಲಿ. ಕಾಗದ ಬರೆದು, ಮಡಚಿ, ಅಂಚೆಗೆ ಹಾಕುವಷ್ಟರಲ್ಲಿ ನಮ್ಮ ತಾಯಂದಿರಿಗೆ ಮರುಯೋಚನೆಗೆ ವೇಳೆಯಿರುತ್ತಿದ್ದಿತು. ಈ ಶಾಲೆಯಲ್ಲಿ ಓದಿ ಇಂದು ಇಂತಹ ಪುಟಗಳನ್ನು ರಚಿಸುವ ಉದ್ಯೋಗದಲ್ಲಿರುವ ಸೋದರಿಯರು ಆ ವೇಳೆಯನ್ನು ನಮ್ಮ ಹುಡುಗಿಯರಿಗೆ ಮರಳಿ ದೊರಕಿಸಲೆಂದು ಬೇಡುತ್ತೇವೆ.