ಹತ್ತು ನಿಮಿಷವೂ ಇಲ್ಲವೆ?



“ಕಸರತ್ತಿಗೆ ಪುರುಸೊತ್ತೆಲ್ಲಿ?” ನಮ್ಮ ತರುಣರ ಬಾಯಲ್ಲಿ ನಿತ್ಯ ಕೇಳುವ ಸಬೂಬು ಇದು. ಇವರು ಗಲ್ಲಾದ ಮೇಲೆ ಕುಳಿತವರು, ಅಂಧೇರಿ, ಮಲಾಡಿನ ಆಫೀಸುಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ನಮ್ಮದೇ ಮಕ್ಕಳು. ಇಪ್ಪತ್ತೈದರ ಹುಡುಗ ದಾದರ್ ಸ್ಟೇಷನ್ನಿನ ಸೇತುವೆ ಹತ್ತಿ ಏದುಸಿರು ಬಿಡುತ್ತಾನೆ! ಇವರ ಅಜ್ಜಂದಿರು ಪರೇಲಿನ ವ್ಯಾಯಾಮಶಾಲೆಗಳಲ್ಲಿ ದಂಡ ಹೊಡೆದವರು.

1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದಲ್ಲಿ ಈಗ ಮಾಲುಗಳು, ಗಾಜಿನ ಗೋಡೆಯ ಜಿಮ್ಮುಗಳು. ಅಲ್ಲಿ ಹಣ ಕಟ್ಟದವನಿಗೆ ಆರೋಗ್ಯವೇ ಇಲ್ಲವೆಂದು ಜಾಹೀರಾತುಗಳು ನಂಬಿಸುತ್ತಿವೆ. ಇದು ಸುಳ್ಳು.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಬಾಲಾ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ವ್ಯಾಯಾಮವಿಲ್ಲದ ಗಂಡಸರ ಒಂದು ಗುಂಪು 45 ನಿಮಿಷ ಸಾಧಾರಣ ವೇಗದಲ್ಲಿ ಸೈಕಲ್ ಯಂತ್ರ ತುಳಿಯಿತು. ಇನ್ನೊಂದಕ್ಕೆ ಒಟ್ಟು 10 ನಿಮಿಷ. ಅದರಲ್ಲಿ ಮೂರೇ ಸಲ, ಸಲಕ್ಕೆ 20 ಸೆಕೆಂಡು, ಸರ್ವಶಕ್ತಿ ಹಾಕಿ ತುಳಿಯುವುದು. ವಾರಕ್ಕೆ ಮೂರು ದಿನ, 12 ವಾರ. ದೇಹ ಆಮ್ಲಜನಕ ಬಳಸುವ ಶಕ್ತಿ ಎರಡೂ ಗುಂಪುಗಳಲ್ಲಿ ಸುಮಾರು ಶೇಕಡಾ 19ರಷ್ಟು ಏರಿತು! 2017ರಲ್ಲಿ ಅಲ್ಲಿಯವರೇ ತರುಣಿಯರನ್ನು ಮೆಟ್ಟಿಲು ಹತ್ತಿಸಿ ನೋಡಿದರು. ಆರು ವಾರಗಳಲ್ಲಿ ಗುಣ ಕಂಡಿತು. ಮುಂಬಯಿಯಲ್ಲಿ ಮೆಟ್ಟಿಲಿಗೆ ಬರಗಾಲವೆ?

ಕ್ರಮ ಇಷ್ಟೇ: ಎರಡು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ. 20 ಸೆಕೆಂಡು ಬಿರುಸಾಗಿ ಮೆಟ್ಟಿಲು ಹತ್ತಿ. ಎರಡು ನಿಮಿಷ ಸಾವಕಾಶ ನಡೆಯಿರಿ. ಹೀಗೆ ಮೂರು ಸಲ. ಕೊನೆಗೆ ಉಸಿರು ತಣಿಯುವವರೆಗೆ ನಡಿಗೆ. ಆ 20 ಸೆಕೆಂಡು ಹಗುರವಲ್ಲ, ಮಾತಾಡಲು ಉಸಿರು ಸಾಲಬಾರದು. ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆಯವರು ಮೊದಲು ಡಾಕ್ಟರರನ್ನು ಕೇಳಲಿ.

“ಮಾಣಿಗಳಾದ ನಾವು ದಿನವೆಲ್ಲ ಓಡುತ್ತೇವಲ್ಲ?” ಎನ್ನುವಿರಿ. ನಾನೂ ಓಡಿದವನೇ. ಆದರೆ ದುಡಿಮೆಯ ಓಟ ಬೇರೆ, ವ್ಯಾಯಾಮ ಬೇರೆ. ವ್ಯಾಯಾಮದಲ್ಲಿ ಬಿರುಸಿನ ಹಿಂದೆಯೇ ವಿಶ್ರಾಂತಿಯಿದೆ. ಹೋಟೆಲಿನಲ್ಲಿ ಅದೇ ಇಲ್ಲ. ಹಲವು ದೇಶಗಳ ಅಧ್ಯಯನಗಳನ್ನು 2018ರಲ್ಲಿ ಒಟ್ಟುಗೂಡಿಸಿದಾಗ, ಮೈಮುರಿವ ಕೆಲಸದ ಗಂಡಸರಲ್ಲೇ ಅಕಾಲ ಮರಣ ಹೆಚ್ಚೆಂದು ಕಂಡಿತು. ಆದ್ದರಿಂದ ಮಾಣಿಗೆ ಮೊದಲು ಬೇಕಾದದ್ದು ಅರ್ಧ ಗಂಟೆಯ ವಿರಾಮ, ವಾರದ ರಜೆ. ಮಹಾರಾಷ್ಟ್ರದ 2017ರ ಕಾಯಿದೆಯಲ್ಲಿ ಇವೆರಡೂ ಇವೆ. ಅವನ್ನು ಧಣಿಗಳಿಂದ ಪಡೆಯಲು ಸಂಘ ಬೇಕು.

ಕುಳಿತು ದುಡಿಯುವ ತರುಣರೇ, ನಿಮಗೆ ಬೇಕಾದದ್ದು ವಾರಕ್ಕೆ ಒಟ್ಟು ಅರ್ಧ ಗಂಟೆ. ಇದಕ್ಕೆ ಧಣಿಯ ಅಪ್ಪಣೆ ಬೇಡ, ಜಿಮ್ಮಿನ ರಸೀದಿ ಬೇಡ. ಮೊಬೈಲು ಕೆಳಗಿಡಿ, ಮೆಟ್ಟಿಲು ಹತ್ತಿ!