ಮೊದಲು ಕಾಗದ ತೋರಸ್ರಿ

ನಮ್ಮ ಹಾಸ್ಟೆಲ್ಲಿನಲ್ಲಿ ಹೆಸರಿಗಿಂತ ಊರೇ ಜಾಸ್ತಿ ಓಡೋದು. ಆ ಲೆಕ್ಕದಲ್ಲಿ ನಮ್ಮ ರೂಮಿನ ಒಬ್ಬಾಂವ ‘ಸವಣೂರು’. ಊರಿಂದ ಬರುವಾಗ ಖಾರಾ ತರ್ತಾನೆ ಅಂತ ಅವನ ಬ್ಯಾಗ್ ಬಿಚ್ಚೋಕೆ ಪಕ್ಕದ ರೂಮಿನವರೂ ಬಂದು ನಿಂತಿರ್ತಾರೆ. ಅವರಪ್ಪನದು ಅಲ್ಲೇ ಒಂದು ಸಣ್ಣ ಪಾನ್ ಅಂಗಡಿ. ಎಲೆ, ಅಡಿಕೆ, ಜೊತೆಗೆ ಬೇಸಿಗೆಯಲ್ಲಿ ತಣ್ಣನೆ ಸೋಡಾ. ಈ ಬರಹ ಆ ಸೋಡಾ ಇಡುವ ಫ್ರಿಜ್ಜಿನದು. ಅಪ್ಪ ಮಗ ಇಬ್ಬರನ್ನೂ ಕೇಳಿಯೇ ಬರೀತಿದ್ದೇವೆ. ಹೆಸರು ಬೇಡ ಅಂದರು, ಹಾಕಿಲ್ಲ.

ಕಳೆದ ಸೆಮಿಸ್ಟರ್‌ನಲ್ಲಿ ಇಂಟರ್ನಲ್ಸ್ ಹಿಂದಿನ ರಾತ್ರಿ ಒಂಬತ್ತರ ಮೇಲೆ ಸವಣೂರಿಗೆ ಒಂದು ಫೋನ್ ಬಂತು. ಗೊತ್ತಿಲ್ಲದ ನಂಬರು. ಆ ಕಡೆಯವ ಶುರುಮಾಡಿದ್ದೇ ಹೀಗೆ: “ನೋಡಪಾ, ನಿಮ್ಮಪ್ಪ ಸಾಲಾ ಮಾಡಿ ಫೋನ್ ಎತ್ತವಲ್ಲ. ನೀ ಇಂಜಿನಿಯರಿಂಗ್ ಓದಾಕತ್ತೀಯಂತ. ನಾಳೆ ನಿನ್ನ ಸಿಬಿಲ್ ಹೋತಂದ್ರ ಪ್ಲೇಸ್‌ಮೆಂಟ್ ಸಿಗೂದಿಲ್ಲ. ಕಾಲೇಜಿಗೇ ಬರತೇವಿ.” ಐದು ನಿಮಿಷದಲ್ಲಿ ನಮ್ಮ ಸವಣೂರಿನ ಮುಖ ಬಿಳಿಚಿಹೋಗಿತ್ತು.

ಮನೆಗೆ ಫೋನ್ ಮಾಡಿದಾಗ ಪೂರ್ತಿ ಕಥೆ ಗೊತ್ತಾಯ್ತು. 2014ರ ದೀಪಾವಳಿಗೆ ಅಪ್ಪ ಅಂಗಡಿಗೆ ₹18,000ದ ಫ್ರಿಜ್ ಕಂತಿನ ಮೇಲೆ ತಂದಿದ್ದರು. ತಿಂಗಳಿಗೆ ₹1,500ರಂತೆ 12 ಕಂತು. ಒಂದು ಬ್ಯಾಂಕ್ ಖಾತೆಯಿಂದ ತಾನಾಗೇ ಕಟ್ ಆಗ್ತಿತ್ತು. 2015ರ ನಡುವೆ ಅವರು ಬೇರೆ ಬ್ಯಾಂಕಿನ ಖಾತೆ ಬಳಸೋಕೆ ಶುರು ಮಾಡಿದರು. ಹಳೇದಕ್ಕೆ ದುಡ್ಡು ಹಾಕೋದು ನಿಂತಿತು, ಕಂತು ಎಲ್ಲಾ ಮುಗಿದಾವ ಅಂತ ಮರೆತೇಬಿಟ್ಟರು. ಯಾರೂ ಕೇಳಲಿಲ್ಲ. ಫೋನು, ಪತ್ರ ಏನೂ ಬರಲಿಲ್ಲ. ಈಗ ಹತ್ತು ವರ್ಷ ಆದಮೇಲೆ ಯಾರೋ ಒಬ್ಬ ₹58,300 ಕೇಳ್ತಿದ್ದಾನೆ. ಇವತ್ತು ಸಂಜೆಯೊಳಗೆ ಅರ್ಧ ಹಾಕಿದರೆ ‘ಸೆಟಲ್‌ಮೆಂಟ್’, ಇಲ್ಲ ಅಂದ್ರೆ ಅಂಗಡಿ ಮುಂದೆ ಬಂದು ನಿಲ್ತೀನಿ ಅಂತ. ದುಡ್ಡು ಹಾಕೋಕೆ ಕೊಟ್ಟ ಯುಪಿಐ ಯಾವ ಕಂಪನಿಯದೂ ಅಲ್ಲ, ಒಬ್ಬ ವ್ಯಕ್ತಿಯ ಹೆಸರಿನದು.

ಅವ್ವನ ಬೋರಮಾಳ ಅಡ ಇಡೋದು ಅಂತ ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. “ಮಂದಿ ಮುಂದ ಮಾರಿ ತೋರಸಾಕ ಆಗೂದಿಲ್ಲ ತಮ್ಮಾ, ಕೊಟ್ಟ ಬಿಡೂಣು” ಅಂದರು ಅಪ್ಪ.

ನಾವು ಇಲ್ಲಿ ಹೇಳಬೇಕಾದ್ದು ಈ ಮಾತಿನ ಬಗ್ಗೆಯೇ. ಆ ಮನೆಯವರು ಬಂಗಾರ ಅಡ ಇಡೋಕೆ ಹೊರಟದ್ದು ಲೆಕ್ಕ ನೋಡಿ ಅಲ್ಲ, ನಾಚಿಕೆಗೆ. ವಸೂಲಿಗೆ ಬರುವವನ ಕೈಯಲ್ಲಿ ಕಾಗದ ಇರಲಿ ಬಿಡಲಿ, ನಮ್ಮ ಮರ್ಯಾದೆ ಎಲ್ಲಿ ಮೆತ್ತಗಿದೆ ಅನ್ನೋದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿರುತ್ತೆ.

ಇದು ಒಂದು ಮನೆಯ ಮಾತಲ್ಲ. 2025ರ ಜನವರಿಯಲ್ಲಿ ಇದೇ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೋ ಫೈನಾನ್ಸ್ ವಸೂಲಿಯ ಕಾಟ ತಾಳಲಾರದೆ ಮಾಂಗಲ್ಯವನ್ನೇ ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದ್ದು ನೆನಪಿರಬಹುದು. ಮುಂದಿನ ತಿಂಗಳೇ ರಾಜ್ಯ ಸರ್ಕಾರ ಕಿರು ಸಾಲ, ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತ ತಡೆಯೋಕೆ ಸುಗ್ರೀವಾಜ್ಞೆ ತಂದಿತು. ಅದರಲ್ಲಿ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ ಇದೆ. ನಾವೆಲ್ಲ ಆ ಸುದ್ದಿ ರೀಲ್ಸ್‌ನಲ್ಲಿ ನೋಡಿ ಮುಂದಕ್ಕೆ ಸರಿಸಿದ್ವಿ. ಅದೇ ಫೋನು ನಮ್ಮ ರೂಮಿಗೇ ಬಂದಾಗ ಮಾತ್ರ ಕೂತು ಓದಿದ್ವಿ.

ಆ ರಾತ್ರಿ ಓದಿದ್ದರಲ್ಲಿ ಎಲ್ಲರಿಗೂ ಉಪಯೋಗ ಆಗೋದು ಇಷ್ಟು.

ಒಂದು, ಹೊತ್ತು. ಬ್ಯಾಂಕು, ಹಣಕಾಸು ಕಂಪನಿಗಳ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಇದು 2022ರ ಆಗಸ್ಟ್‌ನ ರಿಸರ್ವ್ ಬ್ಯಾಂಕ್ ಸುತ್ತೋಲೆ. ಮೈಕ್ರೋ ಫೈನಾನ್ಸ್ ಸಾಲವಾದರೆ ಇನ್ನೂ ಬಿಗಿ, ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ಹೆದರಿಸೋದು, ನಾಲ್ಕು ಜನರ ಮುಂದೆ ಮಾನ ಕಳೆಯೋದು, ಮನೆಯವರಿಗೆ, ಗೆಳೆಯರಿಗೆ ಕಾಟ ಕೊಡೋದು, ಸುಳ್ಳು ಹೇಳೋದು ಎಲ್ಲವೂ ನಿಷಿದ್ಧ. ಅಂದರೆ ರಾತ್ರಿ ಒಂಬತ್ತಕ್ಕೆ ಮಗನಿಗೆ ಬಂದ ಆ ಒಂದೇ ಫೋನಿನಲ್ಲಿ ಮೂರು ನಾಲ್ಕು ನಿಯಮ ಮುರಿದಿತ್ತು.

ಎರಡು, ಸಿಬಿಲ್. ಅಪ್ಪನ ಸಾಲ ಮಗನ ಕ್ರೆಡಿಟ್ ವರದಿಗೆ ಬರೋದಿಲ್ಲ. ಮಗ ಜೊತೆ ಸಾಲಗಾರನಾಗಿ ಅಥವಾ ಜಾಮೀನುದಾರನಾಗಿ ಸಹಿ ಹಾಕಿದ್ದರೆ ಮಾತ್ರ ಬರುತ್ತೆ. 2014ರಲ್ಲಿ ನಮ್ಮ ಸವಣೂರು ಪ್ರೈಮರಿ ಶಾಲೆಯಲ್ಲಿದ್ದ. ಅವನು ಎಲ್ಲಿ ಸಹಿ ಹಾಕಬೇಕು?

ಮೂರು, ಜೈಲು. ಸಾಲ ಕಟ್ಟೋಕೆ ಆಗಲಿಲ್ಲ ಅನ್ನೋದು ಸಿವಿಲ್ ವ್ಯಾಜ್ಯ. ಅಷ್ಟಕ್ಕೇ ಪೊಲೀಸರು ಬಂದು ಹಿಡ್ಕೊಂಡು ಹೋಗೋದಿಲ್ಲ. ಚೆಕ್ ಬೌನ್ಸ್ ಆದರೆ, ಮೋಸ ಮಾಡಿ ಸಾಲ ತಗೊಂಡಿದ್ದರೆ ಅದು ಬೇರೆ ಮಾತು.

ನಾಲ್ಕು, ಕಾಲಮಿತಿ. ನಮಗೆ ಯಾರಿಗೂ ಗೊತ್ತಿರಲಿಲ್ಲ ಇದು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಸಾಲಕ್ಕೆ ಕೋರ್ಟಿಗೆ ಹೋಗೋಕೆ ಇರೋದು 3 ವರ್ಷ. ಆ ಮೂರು ವರ್ಷದೊಳಗೆ ಸಾಲಗಾರ ಬಾಕಿ ಇದೆ ಅಂತ ಬರೆದು ಸಹಿ ಹಾಕಿದರೆ, ಅಥವಾ ಸ್ವಲ್ಪ ಕಟ್ಟಿದ್ದಕ್ಕೆ ಅವನ ಕೈಬರಹದ ಅಥವಾ ಸಹಿಯ ದಾಖಲೆ ಇದ್ದರೆ, ಲೆಕ್ಕ ಮತ್ತೆ ಹೊಸದಾಗಿ ಶುರು. ಏನೂ ಆಗದೆ ಅವಧಿ ಮುಗಿದರೆ, ಸಾಲಗಾರ ಬಾಯಿಬಿಟ್ಟು ಹೇಳದಿದ್ದರೂ ಕೋರ್ಟು ಆ ದಾವೆಯನ್ನ ವಜಾ ಮಾಡಲೇಬೇಕು. ಫ್ರಿಜ್ಜಿನ ಕೊನೆ ಕಂತು 2015ರ ಅಕ್ಟೋಬರ್‌ದು. 2018ಕ್ಕೇ ಆ ಬಾಗಿಲು ಮುಚ್ಚಿತ್ತು. ಆದರೆ ಅಡ ಇಟ್ಟ ಮನೆ, ಜಮೀನಿನ ಸಾಲಕ್ಕೆ ಈ ಮೂರು ವರ್ಷದ ಲೆಕ್ಕ ಅಲ್ಲ, ಅಲ್ಲಿ ಅವಧಿ ಉದ್ದ. ಹಾಗಾಗಿ ಎಲ್ಲ ಸಾಲಕ್ಕೂ ಇದನ್ನೇ ಹೇಳ್ಕೊಂಡು ಓಡಾಡಬೇಡಿ.

ಇನ್ನೊಂದು ಬಲೆ ಇದೆ, ಅದನ್ನೂ ಹೇಳಿಬಿಡ್ತೇವೆ. ಅವಧಿ ಮೀರಿದ ಸಾಲವನ್ನ “ನಾನು ಕಟ್ತೀನಿ” ಅಂತ ಬರೆದು ಸಹಿ ಹಾಕಿಕೊಟ್ಟರೆ, 1872ರ ಕರಾರು ಕಾಯ್ದೆಯ 25ನೇ ಕಲಮಿನ ಪ್ರಕಾರ ಅದು ಹೊಸ ಒಪ್ಪಂದ. ಅದರ ಮೇಲೆ ದಾವೆ ಹಾಕಬಹುದು. “ಬರೇ ಒಂದು ಸಹಿ ಹಾಕ್ರಿ ಯಜಮಾನ್ರ, ಬಡ್ಡಿ ಮಾಫಿ ಮಾಡಸ್ತೇನಿ” ಅಂತ ಬೆಣ್ಣೆಯಂಥ ಮಾತಾಡುವವನ ಕೈಯಲ್ಲಿರೋ ಹಾಳೆ ಇದೇ ಇರಬಹುದು. ಓದದೆ ಸಹಿ ಬೇಡ.

ಇಷ್ಟು ಓದಿದ ಮೇಲೆ ರೂಮಿನಲ್ಲಿ ಜಗಳ ಶುರುವಾಯ್ತು. ನಮ್ಮಲ್ಲಿ ಇಬ್ಬರು, “ಅವಧಿ ಮುಗಿದಿದೆ, ಒಂದು ಪೈಸೆನೂ ಕೊಡಬೇಡ, ನಂಬರ್ ಬ್ಲಾಕ್ ಮಾಡು” ಅಂದರು. ಉಳಿದವರು, “ಅವರಪ್ಪ ಫ್ರಿಜ್ ತಗೊಂಡಿದ್ದು ನಿಜ ತಾನೇ?” ಅಂದರು. ಕೊನೆಗೆ ಕಾಕಾಗೇ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದ್ವಿ. ಕಾಯ್ದೆ ಎಲ್ಲಾ ವಿವರಿಸಿದ್ವಿ. ಅವರು ಪೂರ್ತಿ ಕೇಳಿಸ್ಕೊಂಡು ಹೇಳಿದ್ದು ಇಷ್ಟೇ: “ಕೋರ್ಟಿಗೆ ಹೋಗಾಕ ಬರೂದಿಲ್ಲ ಅಂದ್ರ ಚೊಲೋನ ಆತು. ಆದ್ರ ಫ್ರಿಜ್ ಇನ್ನೂ ನಡ್ಯಾಕತ್ತೈತಿ. ನಂದು ಎಷ್ಟ್ ಬಾಕಿ ಐತಿ ಅನ್ನೂದು ಮೊದಲ ಗೊತ್ತಾಗ್ಲಿ. ಅಷ್ಟು ಕೊಡತೇನಿ. ಹೆಚ್ಚಿಂದು ಯಾಕ ಕೊಡ್ಲಿ?”

ನಾವು ನಾಲ್ಕು ಜನ ಇಂಜಿನಿಯರಿಂಗ್ ಹುಡುಗರು ಎರಡು ತಾಸು ಗುದ್ದಾಡಿ ಬಿಡಿಸಲಾರದ ಲೆಕ್ಕವನ್ನ ಅವರು ಹೀಗೆ ಬಿಡಿಸಿದರು. ಕಾನೂನು ಕೂಡ ಹೇಳೋದು ಅದನ್ನೇ. ಕಾಲಮಿತಿ ಮುಗಿದರೆ ಹೋಗೋದು ಕೋರ್ಟಿನ ದಾರಿ, ಸಾಲವೇ ಇಲ್ಲ ಅಂತ ಆಗೋದಿಲ್ಲ. ಕೊಡೋದು ಬಿಡೋದು ಆಮೇಲೆ ಆ ಮನುಷ್ಯನ ಮನಸ್ಸಿಗೆ ಬಿಟ್ಟದ್ದು. ಮನಸ್ಸಿನಿಂದ ಕೊಡೋದಕ್ಕೂ ಹೆದರಿ ಕೊಡೋದಕ್ಕೂ ವ್ಯತ್ಯಾಸ ಇದೆ. ನಮ್ಮ ಈ ಕೇಸಿನಲ್ಲಿ ಆ ವ್ಯತ್ಯಾಸ ಐವತ್ತು ಸಾವಿರಕ್ಕಿಂತ ಜಾಸ್ತಿ.

ಮರುದಿನ ಏಜೆಂಟನಿಗೆ ಒಂದೇ ಮಾತು ಹೇಳೋಕೆ ಕಾಕಾಗೆ ಹೇಳಿಕೊಟ್ವಿ: “ಮೊದಲು ಕಾಗದ ತೋರಸ್ರಿ.” ಕಾಗದ ಅಂದರೆ ನಾಲ್ಕು: ಸಾಲದ ಕರಾರಿನ ಪ್ರತಿ, ಮೊದಲ ಕಂತಿನಿಂದ ಇವತ್ತಿನವರೆಗಿನ ಲೆಕ್ಕದ ಪಟ್ಟಿ, ಸಾಲವನ್ನ ಬೇರೆ ಕಂಪನಿಗೆ ಮಾರಿದ್ದರೆ ಅದರ ಪತ್ರ, ಮತ್ತು ವಸೂಲಿಗೆ ಈ ಮನುಷ್ಯನನ್ನೇ ಕಳಿಸಿದ್ದೇವೆ ಅನ್ನೋ ಅಧಿಕಾರ ಪತ್ರ. ಆಧಾರ್ ನಂಬರ್, ಒಟಿಪಿ ಏನೂ ಕೊಡಬೇಡಿ ಅಂತಲೂ ಹೇಳಿದ್ವಿ. ಕಾಗದ ಅಂದ ಕೂಡಲೇ ಅವನ ದನಿ ಒಮ್ಮೆ ಏರಿತಂತೆ, ಆಮೇಲೆ ಇಳಿಯಿತಂತೆ. ಎರಡು ದಿನ ಫೋನೇ ಇಲ್ಲ.

ಈ ನಡುವೆ ನಾವು ಏಜೆಂಟನನ್ನ ಬಿಟ್ಟು ಸಾಲ ಕೊಟ್ಟ ಕಂಪನಿಗೇ ನೇರವಾಗಿ ಇಮೇಲ್ ಬರೆದ್ವಿ. ಸಾಲ ಒಪ್ಪಿಕೊಳ್ಳುವ ಮಾತು ಒಂದೂ ಅದರಲ್ಲಿ ಇರದ ಹಾಗೆ ನೋಡಿಕೊಂಡ್ವಿ. “ನಮ್ಮ ಹೆಸರಿನಲ್ಲಿ ಬಾಕಿ ಇದೆ ಅಂತ ಹೇಳ್ತಿದ್ದಾರೆ, ದಾಖಲೆ ಕಳಿಸಿ. ರಾತ್ರಿ ಫೋನ್, ಮಗನಿಗೆ ಬೆದರಿಕೆ ನಿಲ್ಲಿಸಿ.” ಫೋನ್ ಬಂದ ದಿನಾಂಕ, ಹೊತ್ತು, ನಂಬರು, ಸ್ಕ್ರೀನ್‌ಶಾಟ್ ಎಲ್ಲಾ ಜೋಡಿಸಿದ್ವಿ. ಮೂರು ವಾರಕ್ಕೆ ಲೆಕ್ಕದ ಪಟ್ಟಿ ಬಂತು. ಒಂಬತ್ತು ಕಂತು ಕಟ್ಟಿದೆ, ಮೂರು ಬಾಕಿ. ಅಸಲು ₹4,500. ಉಳಿದ ಐವತ್ತಮೂರು ಸಾವಿರದ ಎಂಟುನೂರು ಬಡ್ಡಿ, ದಂಡ, ಬೌನ್ಸ್ ಚಾರ್ಜು, ಅದರ ಮೇಲೆ ಮತ್ತೆ ಬಡ್ಡಿ.

₹4,500 ಕೊಡ್ತೇವೆ, ಖಾತೆ ಪೂರ್ತಿ ಮುಗಿಯಿತು ಅಂತ ಪತ್ರ ಕೊಡಿ ಅಂತ ಬರೆದ್ವಿ. ಎರಡು ಸಲ ಆಗಲ್ಲ ಅಂದರು, ಮೂರನೇ ಸಲ ಒಪ್ಪಿದರು. ಆ ಒಪ್ಪಿಗೆ ಬರಹದಲ್ಲಿ ಕೈಗೆ ಬಂದ ಮೇಲೆಯೇ ಕಾಕಾ ದುಡ್ಡು ಕಟ್ಟಿದರು. ಅದೂ ಕಂಪನಿಯ ಖಾತೆಗೆ. ಒಂದು ಸಣ್ಣ ವಿಷಯ ಇಲ್ಲಿ ನೋಡಿಕೊಳ್ಳಿ: ಕ್ರೆಡಿಟ್ ವರದಿಯಲ್ಲಿ ‘ಸೆಟಲ್ಡ್’ ಬೇರೆ, ‘ಕ್ಲೋಸ್ಡ್’ ಬೇರೆ. ಸೆಟಲ್ಡ್ ಅಂದರೆ ಕಡಿಮೆ ತಗೊಂಡು ಬಿಟ್ಟುಕೊಟ್ಟದ್ದು ಅಂತ ಮುಂದೆ ಸಾಲ ಕೊಡುವವರು ಓದ್ತಾರೆ. ಏನು ಬರೀತಾರೆ ಅನ್ನೋದನ್ನ ದುಡ್ಡು ಕಟ್ಟುವ ಮೊದಲೇ ಕೇಳಬೇಕು.

ಕಂಪನಿ ಉತ್ತರ ಕೊಡದಿದ್ದರೆ ಏನು ಮಾಡೋದು? 30 ದಿನ ಕಾದು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಶುಲ್ಕ ಇಲ್ಲ. ಜೀವಬೆದರಿಕೆ, ಮನೆಗೆ ನುಗ್ಗೋದು ಇದ್ದರೆ ಕಾಯೋದು ಬೇಡ, ಪೊಲೀಸ್ ಠಾಣೆ. ಫೋನ್ ಮಾಡಿದವನೇ ನಕಲಿ, ದುಡ್ಡೂ ಹೋಯ್ತು ಅಂದರೆ ತಕ್ಷಣ 1930.

ಈಗ ನಮ್ಮ ಬಗ್ಗೆ ನಾಲ್ಕು ಮಾತು. ನಾವು ಸಾವಿರ ಸಾಲಿನ ಕೋಡಿನಲ್ಲಿ ಒಂದು ಸೆಮಿಕೋಲನ್ ಹುಡುಕ್ತೇವೆ. ಮನೆಯಲ್ಲಿ ಇಂಗ್ಲಿಷ್ ಕಾಗದ ಬಂದರೆ ಮಾತ್ರ “ಆಮೇಲೆ ನೋಡ್ತೀನಿ ಬಿಡಪ್ಪಾ” ಅಂತೇವೆ. ಅಪ್ಪ ಅವ್ವ ನಮ್ಮನ್ನ ಓದಿಸಿದ್ದು ಪ್ಯಾಕೇಜಿಗೆ ಮಾತ್ರ ಅಲ್ಲ. ಮನೆಯಲ್ಲಿ ಕಾಗದ ಓದುವವರು ಒಬ್ಬರು ಇರಲಿ ಅಂತಲೂ. ಆ ಕೆಲಸ ನಾವು ಮಾಡದಿದ್ದರೆ ಅದನ್ನ ಏಜೆಂಟ್ ಮಾಡ್ತಾನೆ, ಅವನಿಗೆ ಬೇಕಾದ ಹಾಗೆ ಓದಿ ಹೇಳ್ತಾನೆ.

ನಮ್ಮ ಖಾತೆಗಳೇನು ಕಡಿಮೆಯಿಲ್ಲ. ಸ್ಕಾಲರ್‌ಶಿಪ್‌ಗೆ ಒಂದು, ಫೀಸಿಗೆ ಒಂದು, ಆಫರ್ ಇದೆ ಅಂತ ತೆಗೆದ ಇನ್ನೊಂದು. ಊಟ ತರಿಸೋ ಆ್ಯಪಿನಲ್ಲಿ ‘ಆಮೇಲೆ ಕೊಡಿ’ ಅಂತ ಒತ್ತಿದ್ದೂ ಸಾಲವೇ, ಅದೂ ಕ್ರೆಡಿಟ್ ವರದಿಗೆ ಹೋಗಬಹುದು. ಸಾಲದ ಆ್ಯಪ್ ನಮ್ಮ ಕಾಂಟ್ಯಾಕ್ಟ್ಸ್, ಫೋಟೋ ಕೇಳಿದರೆ ಅದು ರಿಸರ್ವ್ ಬ್ಯಾಂಕ್ ನಿಯಮಕ್ಕೆ ವಿರುದ್ಧ. ‘ಅಲೋ’ ಒತ್ತುವ ಮೊದಲು ಅಳಿಸಿಹಾಕಿ. ಇನ್ನೊಂದು ಕಡೆ, ಮರೆತ ಖಾತೆಯಲ್ಲಿ ನಮ್ಮದೇ ದುಡ್ಡೂ ಬಿದ್ದಿರಬಹುದು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ, ಆದರೂ ವಾಪಸ್ ಕೇಳಬಹುದು. ಹುಡುಕೋಕೆ 2023ರಲ್ಲಿ ‘ಉದ್ಗಮ್’ ಅನ್ನೋ ಪೋರ್ಟಲ್ ಬಂದಿದೆ.

ಆದ್ದರಿಂದ ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಮಧ್ಯಾಹ್ನ ತೆಗೆದಿಡಿ. ಟ್ರಂಕಿನಲ್ಲಿರೋ ಪಾಸ್‌ಬುಕ್ಕು, ಕಂತಿನ ರಸೀದಿ ಎಲ್ಲಾ ಹೊರಗೆ ತೆಗೆದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಈ ನಾಲ್ಕೂ ಕಡೆ ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಸಿಗುತ್ತೆ. ಅಪ್ಪ ಅವ್ವನದು, ನಮ್ಮದು ತೆಗೆದು ನೋಡಿ. ತಪ್ಪಿದ್ದರೆ ಅಲ್ಲೇ ತಕರಾರು ಹಾಕಿ. ಬಾಕಿ ಇದ್ದರೆ ಮನೆಯವರಿಗೆ ಬೈಯಬೇಡಿ. ಬೈಸಿಕೊಳ್ಳುವ ಹೆದರಿಕೆಗೇ ಎಷ್ಟೋ ಜನ ಮನೆಯಲ್ಲಿ ಹೇಳದೆ ಒಬ್ಬರೇ ನುಂಗಿಕೊಂಡಿರ್ತಾರೆ.

ಸವಣೂರಿನ ಅವ್ವನ ಬೋರಮಾಳ ಮನೆಯಲ್ಲೇ ಇದೆ. ಬಾಕಿ ಇಲ್ಲ ಅನ್ನೋ ಪತ್ರ ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡಿನ ಜೊತೆ ಸೇರಿದೆ. ಈ ಸಲ ಅವನು ಖಾರಾ ಎರಡು ಪೊಟ್ಟಣ ಜಾಸ್ತಿ ತಂದಿದ್ದ, ಅಪ್ಪ ಕಳಿಸಿದ್ದು ಅಂತ. ಫ್ರಿಜ್ ಈಗಲೂ ನಡೀತಿದೆಯಂತೆ, ಸ್ವಲ್ಪ ಸದ್ದು ಮಾಡುತ್ತಂತೆ.