ಹತ್ತನೇ ತರಗತಿಯ ಆ ಪಾಠ ಇನ್ನೂ ಮುಗಿದಿಲ್ಲ

ಎಸ್ಸೆಸ್ಸೆಲ್ಸಿ ಗಣಿತದ ‘ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ’ ನಮಗೆಲ್ಲ ನೆನಪಿರಬೇಕು. ಅಂಕಕ್ಕೆ ಮೋಸವಿಲ್ಲ ಎಂದು ನಾವು ನೆಚ್ಚಿಕೊಂಡಿದ್ದ ಪಾಠ. ಪರೀಕ್ಷೆ ಮುಗಿದ ದಿನವೇ ನಾನು ಅದನ್ನು ಮರೆತೆ. ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ, ರಾಟೆಯ ಎರಡು ಬದಿಗೆ ಎರಡು ತೂಕ ತೂಗುಬಿಟ್ಟ ಲೆಕ್ಕದಲ್ಲಿ, ಅದೇ ಪಾಠ ಮತ್ತೆ ಎದುರಾಯಿತು. ನನಗೆ ಗುರುತು ಸಿಗಲಿಲ್ಲ.

ಆ ಲೆಕ್ಕದಲ್ಲಿ ಕಂಡುಹಿಡಿಯಬೇಕಾದ್ದು ಎರಡೇ: ಹಗ್ಗದ ಎಳೆತ ಮತ್ತು ವೇಗೋತ್ಕರ್ಷ. ಪ್ರತಿ ತೂಕಕ್ಕೂ ಒಂದು ಸಮೀಕರಣ. ಒಂದರಲ್ಲಿ ಎಳೆತಕ್ಕೆ ಕೂಡುವ ಚಿಹ್ನೆ, ಇನ್ನೊಂದರಲ್ಲಿ ಕಳೆಯುವ ಚಿಹ್ನೆ. ಎರಡನ್ನೂ ಕೂಡಿದರೆ ಎಳೆತ ಹೊರಟುಹೋಗಿ ವೇಗೋತ್ಕರ್ಷ ಉಳಿಯುತ್ತದೆ. ನಾವು ಮಾಡಿದ್ದ ವರ್ಜಿಸುವ ವಿಧಾನವೇ ಇದು. ನಾನು ಕೊನೆಯ ಸೂತ್ರವನ್ನಷ್ಟೇ ಬಾಯಿಪಾಠ ಮಾಡಿ, ಕಿರುಪರೀಕ್ಷೆಯಲ್ಲಿ ಚಿಹ್ನೆ ತಪ್ಪಿಸಿ ಅಂಕ ಕಳೆದುಕೊಂಡೆ.

ಒಂದು ಕಾರಣ ಭಾಷೆ. ನಮ್ಮಲ್ಲಿ ಹಲವರು ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದವರು. ಇಲ್ಲಿ ‘ಎಲಿಮಿನೇಷನ್’ ಎಂದಾಗ, ಗೊತ್ತಿರುವುದೂ ಗೊತ್ತಿಲ್ಲ ಅಂದುಕೊಂಡು ಸುಮ್ಮನೆ ಕೂರುತ್ತೇವೆ. (‘ಆಲ್ಜೀಬ್ರಾ’ ಎಂಬ ಪದವೇ ಒಂಬತ್ತನೇ ಶತಮಾನದ ಬಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿಯ ಅರಬಿ ಪುಸ್ತಕದ ಹೆಸರಿನಿಂದ ಬಂದದ್ದು. ಹೆಸರಿಗೆ ಹೆದರುವುದೇಕೆ?)

ಇನ್ನೊಂದು ಕಾರಣ ದೊಡ್ಡದು. ಹತ್ತನೇ ತರಗತಿಯ ಪ್ರಶ್ನೆಯೇ ‘ಆದೇಶ ವಿಧಾನದಿಂದ ಬಿಡಿಸಿ’, ‘ವರ್ಜಿಸುವ ವಿಧಾನದಿಂದ ಬಿಡಿಸಿ’ ಎಂದು ಹೇಳಿಬಿಡುತ್ತಿತ್ತು. ಸಮೀಕರಣಗಳನ್ನು ಸುಮ್ಮನೆ ನೋಡುವ ಅಭ್ಯಾಸವೇ ನಮಗಾಗಲಿಲ್ಲ. ಮೂರು ಟೀ, ಎರಡು ಸಮೋಸಕ್ಕೆ 66 ರೂಪಾಯಿ. ಎರಡು ಟೀ, ಮೂರು ಸಮೋಸಕ್ಕೆ 64 ಎನ್ನೋಣ. 2ರಿಂದ, 3ರಿಂದ ಗುಣಿಸಲು ಎಲ್ಲರೂ ಪೆನ್ನು ಎತ್ತುತ್ತೇವೆ. ಒಂದು ಕ್ಷಣ ನೋಡಿ. ಕೂಡಿದರೆ ಐದೈದಕ್ಕೆ 130, ಅಂದರೆ ಒಂದು ಟೀ, ಒಂದು ಸಮೋಸಕ್ಕೆ 26. ಕಳೆದರೆ ಟೀ ಬೆಲೆ ಸಮೋಸಕ್ಕಿಂತ 2 ಹೆಚ್ಚು. ಟೀ 14, ಸಮೋಸ 12. ಮೊದಲ ಬಿಲ್ಲಿಗೆ ಹಾಕಿ: 42 ಮತ್ತು 24, ಒಟ್ಟು 66. ಎರಡನೆಯದಕ್ಕೆ: 28 ಮತ್ತು 36, ಒಟ್ಟು 64. ತಾಳೆಯಾಯಿತು, ಯಾರನ್ನೂ ಕೇಳಬೇಕಿಲ್ಲ.

ಎರಡನೇ ಬಿಲ್ಲು ‘ಆರು ಟೀ, ನಾಲ್ಕು ಸಮೋಸ, 132’ ಎಂದಿದ್ದರೆ? ಅದು ಮೊದಲ ಬಿಲ್ಲೇ, ಎರಡು ಸಲ ಬರೆದದ್ದು; ಬೆಲೆ ತಿಳಿಯುವುದಿಲ್ಲ. 130 ಎಂದಿದ್ದರೆ ಯಾರೋ ಬಿಲ್ಲು ತಪ್ಪು ಬರೆದಿದ್ದಾರೆ. ಯಾವ ಬೆಲೆಯೂ ಹೊಂದುವುದಿಲ್ಲ. ಎರಡರಲ್ಲೂ 3×4ರಿಂದ 2×6 ಕಳೆದರೆ ಸೊನ್ನೆ. ದ್ವಿತೀಯ ಪಿಯುಸಿಯಲ್ಲಿ ‘ನಿರ್ಧಾರಕ ಸೊನ್ನೆಯಾದರೆ ವಿಲೋಮವಿಲ್ಲ’ ಎಂದು ನಾವು ಉರುಹೊಡೆಯುವುದು ಇದನ್ನೇ. ಕಿರ್ಚಾಫ್ ನಿಯಮದ ಲೆಕ್ಕದಲ್ಲಿ ವಿದ್ಯುತ್ ಪ್ರವಾಹಕ್ಕೆ ಋಣ ಉತ್ತರ ಬಂದರೆ ಗಾಬರಿಯಾಗಿ ಅಳಿಸುವವರಿದ್ದಾರೆ, ನಾನೂ ಅಳಿಸಿದ್ದೇನೆ. ತಾಳೆ ನೋಡಿದ್ದರೆ ಉತ್ತರ ಸರಿ, ಊಹಿಸಿದ ದಿಕ್ಕು ಮಾತ್ರ ಉಲ್ಟಾ ಎಂದು ತಿಳಿಯುತ್ತಿತ್ತು. ವಾಣಿಜ್ಯ ವಿಭಾಗದವರಿಗೂ ಇದರಿಂದ ಬಿಡುಗಡೆಯಿಲ್ಲ. ಬೇಡಿಕೆ, ಪೂರೈಕೆಯ ಸಮತೋಲನ ಬೆಲೆ ಎರಡು ರೇಖೆಗಳು ಸಂಧಿಸುವ ಬಿಂದುವೇ.

ಹಾಗಾಗಿ ಗಣಿತ ವಿಭಾಗಕ್ಕೆ ನನ್ನ ಕೋರಿಕೆ: ಜೂನ್‌ನಲ್ಲಿ ಹೊಸಬರು ಬಂದಾಗ ಮೊದಲ ವಾರ ಈ ಪಾಠಕ್ಕೆ ಕೊಡಿ. ವಿಧಾನದ ಹೆಸರು ಹೇಳದೆ ಲೆಕ್ಕ ಕೊಡಿ. ಕಿರುಪರೀಕ್ಷೆಯಲ್ಲಿ ತಾಳೆ ನೋಡಿದ್ದಕ್ಕೆ ಒಂದು ಅಂಕ ಇಡಿ; ಅಂಕವಿಲ್ಲದಿದ್ದರೆ ನಾವು ಮಾಡುವುದಿಲ್ಲ, ಇದು ನಿಮಗೂ ಗೊತ್ತು. ಪಠ್ಯ ಮುಗಿಸಲು ಸಮಯ ಸಾಲದು ಎನ್ನಬಹುದು. ಆದರೆ ಅಕ್ಟೋಬರಿನಲ್ಲಿ ಪಾಠ ನಿಲ್ಲಿಸಿ ಇದನ್ನೇ ಮತ್ತೆ ವಿವರಿಸಲು ಎಷ್ಟು ಪೀರಿಯಡ್ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದೀರಾ?

ಊಟದ ಬಿಡುವಿನಲ್ಲಿ ಹೊಸಬರ ಜೊತೆ ಕೂರಲು ದ್ವಿತೀಯ ವರ್ಷದ ನಾವು ಐದಾರು ಮಂದಿ ಸಿದ್ಧ. ಉರ್ದುವಿನಲ್ಲಿ ಹೇಳಿಕೊಡಬಲ್ಲವರೂ ನಮ್ಮಲ್ಲಿದ್ದಾರೆ. ಒಂದು ಕೊಠಡಿ, ಒಂದು ಡಬ್ಬಿ ಚಾಕ್‌ಪೀಸ್ ಕೊಟ್ಟರೆ ಸಾಕು.